ರಾಯಚೂರಿನಲ್ಲಿ ಒಂದೇ ಪ್ಯಾರಾ ಬರೆದ ಶನಿವಾರ, ಭಾನುವಾರ

ಏಪ್ರಿಲ್ ತಿಂಗಳು, ಎರಡನೇ ಶನಿವಾರ, ಅದೂ ರಾಯಚೂರಿನಲ್ಲಿ. ತರಬೇತಿಗೆ ಇದಕ್ಕಿಂತ ಕೆಟ್ಟ ಮುಹೂರ್ತ ಹುಡುಕಿದರೂ ಸಿಗಲಿಕ್ಕಿಲ್ಲ. ಮಾರ್ಚ್ ಕೊನೆಯ ಬಿಲ್ಲುಗಳ ಗದ್ದಲ ಆಗಷ್ಟೇ ಮುಗಿದಿತ್ತು. ಒಂದು ರಜೆ ಸಿಕ್ಕರೆ ಸಾಕು ಅಂತ ಎಲ್ಲರೂ ಕಾಯುತ್ತಿದ್ದಾಗ ಆದೇಶ ಬಂತು. ಸರ್ಕಾರಿ ನಿಗಮ, ಸ್ಥಳೀಯ ಸಂಸ್ಥೆ, ವಿಶ್ವವಿದ್ಯಾಲಯಗಳಲ್ಲಿ ಆಂತರಿಕ ಲೆಕ್ಕಪರಿಶೋಧನೆ ಮಾಡುವವರಿಗೆ ಎರಡು ದಿನದ ತರಬೇತಿ ಸಮ್ಮೇಳನ. ಹಾಜರಾತಿ ಕಡ್ಡಾಯ. ಬದಲಿ ರಜೆಯ ಬಗ್ಗೆ ಒಂದಕ್ಷರವೂ ಇಲ್ಲ. ಆದೇಶ ಕೈಗೆ ಬಂದರೆ ಅದರಲ್ಲಿ ಏನು ಬರೆದಿಲ್ಲ ಅಂತ ಮೊದಲು ನೋಡುವುದು ನಮ್ಮ ವೃತ್ತಿಯ ಚಟ.

ನಾನು ಗಂಗಾವತಿಯವಳು. ಶುಕ್ರವಾರ ಸಂಜೆ ಕಾರಟಗಿ, ಸಿಂಧನೂರು, ಮಾನ್ವಿ ದಾರಿಯ ಬಸ್ಸು ಹಿಡಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ ಅದು. ಕೆಲವು ಕಡೆ ಕೊಯ್ಲು ಮುಗಿದಿತ್ತು, ಅರ್ಧ ರಸ್ತೆಗೆ ಭತ್ತ ಒಣಹಾಕಿದ್ದರು. ಡ್ರೈವರ್ ಬೈಯುತ್ತಾ ಬಸ್ಸನ್ನು ಪಕ್ಕಕ್ಕೆ ತಿರುಗಿಸುತ್ತಿದ್ದರು. ಮಾನ್ವಿ ದಾಟಿದ ಮೇಲೆ ಹಸಿರು ಕಡಿಮೆಯಾಗುತ್ತಾ ಬಂತು. ರಾತ್ರಿ ರಾಯಚೂರಲ್ಲಿ ಇಳಿದರೆ ನೆಲ ಇನ್ನೂ ಕಾದ ಹಂಚು.

ಬೆಳಿಗ್ಗೆ ಸಭಾಂಗಣದ ಹಿಂದೆ ತಿಂಡಿ. ಮಂಡಕ್ಕಿ ಒಗ್ಗರಣೆ, ಮಿರ್ಚಿ. ಈ ಭಾಗದ ಯಾವ ಸಭೆಯೂ ಇದಿಲ್ಲದೆ ಶುರುವಾಗುವುದಿಲ್ಲ. ಬೆಂಗಳೂರಿನಿಂದ ರೈಲಲ್ಲಿ ಬಂದಿದ್ದ ಇಬ್ಬರು ಮಿರ್ಚಿಯನ್ನು ಅನುಮಾನದಿಂದಲೇ ನೋಡಿದರು, ಆಮೇಲೆ ಎರಡೆರಡು ತಿಂದರು. ವಿದ್ಯುತ್ ಕಂಪನಿಯವರು, ಗೋದಾಮು ನೋಡಿಕೊಳ್ಳುವ ನಿಗಮದವರು, ಪುರಸಭೆಯ ಅಕೌಂಟ್ಸ್‌ನವರು, ಬಳ್ಳಾರಿ ಕಡೆಯಿಂದ ಗಣಿ ಸಂಬಂಧದ ಲೆಕ್ಕ ನೋಡುವವರು, ಎಲ್ಲ ಸೇರಿದ್ದೆವು. ಆಡಿಟರ್‌ಗಳ ಗುಂಪಿನಲ್ಲಿ ಒಂದು ವಿಚಿತ್ರ ನೆಮ್ಮದಿ ಇರುತ್ತದೆ. ಇಲ್ಲಿ ನಮ್ಮನ್ನು ಕಂಡು ಯಾರೂ ಫೈಲು ಮುಚ್ಚುವುದಿಲ್ಲ.

ಉದ್ಘಾಟನೆ, ದೀಪ, ಹೂಗುಚ್ಛ, ಭಾಷಣ. ಅದನ್ನು ಬಿಡೋಣ.

ತರಬೇತಿ ಕೊಡಲು ಬಂದವರು ಧಾರವಾಡ ಕಡೆಯವರು. ಮಹಾಲೇಖಪಾಲರ ಕಚೇರಿಯಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತರಾದವರು. ಪ್ರೊಜೆಕ್ಟರ್ ಕೈಕೊಟ್ಟಿತ್ತು. ಅವರಿಗೆ ಅದರಿಂದ ಬೇಸರವಾದಂತೆ ಕಾಣಲಿಲ್ಲ. ಪ್ರತಿ ಟೇಬಲ್ಲಿಗೂ ಒಂದೊಂದು ಫೈಲು ಹಂಚಿಸಿ ಹೇಳಿದರು: "ನೋಡ್ರಿ, ಎರಡು ದಿನ ನಿಮ್ಮ ಕೆಲಸ ಒಂದ. ಈ ಫೈಲ್ ಮ್ಯಾಲೆ ಒಂದು ಪ್ಯಾರಾ ಬರದು ಕೊಡೂದು. ಹತ್ತು ಅಲ್ಲ, ಒಂದ." ಪ್ಯಾರಾ ಅಂದರೆ ಆಡಿಟ್ ವರದಿಯಲ್ಲಿ ಒಂದು ಆಕ್ಷೇಪಣೆ ಬರೆಯುವ ಕಂಡಿಕೆ.

ಫೈಲು ಅಭ್ಯಾಸಕ್ಕಾಗಿ ಅವರೇ ಕಟ್ಟಿದ್ದು. ಒಂದು ಕಲ್ಪನೆಯ ಪಟ್ಟಣ, ಅದರ ನೀರು ಸರಬರಾಜು ವಿಭಾಗ. ವರ್ಷಕ್ಕೆ ಒಂದು ಕೋಟಿ ರೂಪಾಯಿ ಖರ್ಚು, 164 ಬಿಲ್ಲು. ಬ್ಲೀಚಿಂಗ್ ಪೌಡರ್, ಆಲಂ, ಪೈಪು, ವಾಲ್ವು, ನೀರೆತ್ತುವ ಜಾಕ್‌ವೆಲ್ಲಿನ ಮೋಟಾರ್ ರಿಪೇರಿ. ಒಂದು ಲಕ್ಷದವರೆಗೆ ಕೋಟೇಷನ್ ಮೇಲೆ ತೆಗೆದುಕೊಳ್ಳಬಹುದು, ಅದರ ಮೇಲೆ ಹೋದರೆ ಟೆಂಡರ್ ಅಂತ ಅಭ್ಯಾಸಕ್ಕೆ ಒಂದು ಮಿತಿ ಇಟ್ಟುಕೊಂಡಿದ್ದರು.

ಮೊದಲ ಪ್ರಶ್ನೆ: 164ರಲ್ಲಿ ಯಾವುದನ್ನು ನೋಡುತ್ತೀರಿ? ಎಲ್ಲವನ್ನೂ ನೋಡುವಷ್ಟು ಸಮಯ ಯಾವ ಆಡಿಟ್‌ನಲ್ಲೂ ಇರುವುದಿಲ್ಲ. ನಮ್ಮಲ್ಲಿ ಹೆಚ್ಚಿನವರು "ದೊಡ್ಡ ಬಿಲ್ಲು ಮೊದಲು" ಅಂದೆವು. ಅವರು ರೂಪಾಯಿ ಲೆಕ್ಕದಲ್ಲಿ ಮಾದರಿ ಆರಿಸುವ ಪದ್ಧತಿ ತೋರಿಸಿದರು. ಒಂದು ಕೋಟಿಯನ್ನು ಒಂದೊಂದೇ ರೂಪಾಯಿಯಾಗಿ ಸಾಲಾಗಿ ನಿಲ್ಲಿಸಿದಂತೆ ಭಾವಿಸಿಕೊಳ್ಳಬೇಕು. ಪ್ರತಿ ಐದು ಲಕ್ಷಕ್ಕೊಂದು ಕಡೆ ಗುರುತು ಹಾಕಬೇಕು. ಗುರುತು ಬಿದ್ದ ರೂಪಾಯಿ ಯಾವ ಬಿಲ್ಲಿನೊಳಗಿದೆಯೋ ಆ ಬಿಲ್ಲನ್ನು ಎತ್ತಿಕೊಳ್ಳಬೇಕು. ಇಪ್ಪತ್ತು ಗುರುತು. ಐದು ಲಕ್ಷ ಮೀರಿದ ಬಿಲ್ಲು ಖಂಡಿತ ಸಿಗುತ್ತದೆ. ನಾಲ್ಕು ಲಕ್ಷದ ಬಿಲ್ಲು ಸಿಗುವ ಸಾಧ್ಯತೆ ನೂರಕ್ಕೆ 80. ಹಣ ಎಲ್ಲಿ ಜಾಸ್ತಿಯೋ ಅಲ್ಲಿ ಕಣ್ಣು ಜಾಸ್ತಿ.

ಚೆನ್ನಾಗಿದೆ ಅಂತ ತಲೆಯಾಡಿಸುವಷ್ಟರಲ್ಲಿ ಅವರೇ ಅದನ್ನು ಕೆಡವಿದರು. 98 ಸಾವಿರದ ಬಿಲ್ಲು ಈ ಬಲೆಗೆ ಬೀಳುವ ಸಾಧ್ಯತೆ ನೂರಕ್ಕೆ 20ರಷ್ಟೂ ಇಲ್ಲ. ಬಿದ್ದರೂ ಒಂಟಿಯಾಗಿ ನೋಡಿದರೆ ಅದರಲ್ಲಿ ತಪ್ಪೇ ಕಾಣುವುದಿಲ್ಲ. ಮೂರು ಕೋಟೇಷನ್ ಇವೆ, ಮಂಜೂರಾತಿ ಇದೆ, ರಸೀದಿ ಇದೆ, ಮಿತಿಯೊಳಗೇ ಇದೆ. ಹಾಗಾದರೆ ಬೇರೆ ದಾರಿ ಬೇಕಲ್ವಾ?

ಆಗ ಬೆನ್‌ಫರ್ಡ್ ನಿಯಮದ ಮಾತು ಬಂತು. ಹೆಸರು ಕೇಳಿದ್ದೆ, ಕೈಯಿಂದ ಮಾಡಿ ನೋಡಿರಲಿಲ್ಲ. ಸೈಮನ್ ನ್ಯೂಕಂಬ್ ಎಂಬ ಖಗೋಳ ವಿಜ್ಞಾನಿ 1881ರಲ್ಲೇ ಇದನ್ನು ಗಮನಿಸಿದ್ದರು. ಲಾಗರಿದಮ್ ಪುಸ್ತಕದಲ್ಲಿ 1ರಿಂದ ಶುರುವಾಗುವ ಸಂಖ್ಯೆಗಳಿರುವ ಮೊದಲ ಹಾಳೆಗಳು ಕೊನೆಯವಕ್ಕಿಂತ ಜಾಸ್ತಿ ಕೊಳೆಯಾಗಿದ್ದವು ಅನ್ನೋದೇ ಸುಳಿವು. 1938ರಲ್ಲಿ ಫ್ರಾಂಕ್ ಬೆನ್‌ಫರ್ಡ್ ನದಿಗಳ ಅಳತೆ, ಊರುಗಳ ಜನಸಂಖ್ಯೆ ಹೀಗೆ ಸಾವಿರಾರು ಸಂಖ್ಯೆ ಕೂಡಿಹಾಕಿ ಅದನ್ನೇ ತೋರಿಸಿದರು. ಸಹಜವಾಗಿ ಹುಟ್ಟಿದ ಅಂಕಿಗಳಲ್ಲಿ 1ರಿಂದ ಶುರುವಾಗುವವು ನೂರಕ್ಕೆ 30ರಷ್ಟು, 9ರಿಂದ ಶುರುವಾಗುವವು 5ಕ್ಕಿಂತ ಕಡಿಮೆ. ನಾವು 164 ಬಿಲ್ಲುಗಳ ಮೊದಲ ಅಂಕಿಯನ್ನು ಎಣಿಸಿದೆವು. 9 ಏಳೆಂಟು ಬಾರಿ ಬರಬೇಕಿತ್ತು. 26 ಬಾರಿ ಬಂದಿತ್ತು.

"ಇದು ಸಾಕ್ಷಿ ಅಲ್ಲರಿ," ಅಂತ ಅವರು ತಕ್ಷಣ ಎಚ್ಚರಿಸಿದರು. "ಎಲ್ಲಿ ನೋಡಬೇಕು ಅಂತ ಬೆರಳು ತೋರಸ್ತದ, ಅಷ್ಟ." ಬೆಲೆ ಮೊದಲೇ ನಿಗದಿಯಾದ ವಸ್ತು, ಬಸ್ ಟಿಕೆಟ್, ಸಂಬಳ ಇಂಥ ಕಡೆ ಈ ನಿಯಮ ನಡೆಯುವುದಿಲ್ಲ. ಆ 26 ಬಿಲ್ಲುಗಳನ್ನು ಹರಡಿ ನೋಡಿದರೆ 14 ಬಿಲ್ಲು ಮೋಟಾರ್ ರಿಪೇರಿಯವು. ಎಲ್ಲ 96 ಸಾವಿರಕ್ಕೂ ಒಂದು ಲಕ್ಷಕ್ಕೂ ನಡುವೆ. ಕೆಲಸ ಹೋಗಿದ್ದು ಎರಡೇ ಅಂಗಡಿಗೆ.

ಸಿಕ್ಕಿತು ಕಳ್ಳ ಅಂತ ಎಲ್ಲ ಟೇಬಲ್ಲುಗಳಲ್ಲೂ ಪೆನ್ನು ಓಡತೊಡಗಿತು. ಅರ್ಧ ಗಂಟೆಯಲ್ಲಿ ಪ್ಯಾರಾ ಸಿದ್ಧ. ಅವರು ಐದೂ ಗುಂಪಿನ ಹಾಳೆ ತೆಗೆದುಕೊಂಡು ಒಂದಾದ ಮೇಲೊಂದು ಓದಿದರು. "ದಾಖಲೆಗಳನ್ನು ಪರಿಶೀಲಿಸಲಾಗಿ, ಟೆಂಡರ್ ಪ್ರಕ್ರಿಯೆ ತಪ್ಪಿಸುವ ಉದ್ದೇಶದಿಂದ ಕಾಮಗಾರಿಯನ್ನು ತುಂಡು ತುಂಡಾಗಿ ವಿಭಜಿಸಿ ವೆಚ್ಚ ಭರಿಸಿರುವುದು ಕಂಡುಬಂದಿರುತ್ತದೆ. ಇದು ನಿಯಮಬಾಹಿರವಾಗಿರುತ್ತದೆ. ಸೂಕ್ತ ವಿವರಣೆ ನೀಡುವುದು." ಐದರಲ್ಲೂ ಇದೇ. ಎರಡು ಗುಂಪಿನವರು "ವಸೂಲಾತಿಗೆ ಕ್ರಮ ವಹಿಸುವುದು" ಅಂತ ಸೇರಿಸಿದ್ದರು. ಬೇರೆ ಬೇರೆ ಜಿಲ್ಲೆ, ಬೇರೆ ಬೇರೆ ಇಲಾಖೆ, ಆದರೆ ಒಂದೇ ಕೈ ಬರೆದಂತಿತ್ತು.

ಅವರು ನಗಲಿಲ್ಲ. "ಈಗ ಇದಕ್ಕ ಉತ್ತರನೂ ನೀವ ಬರೀರಿ. ನೀವ ಆ ಪಟ್ಟಣದ ಮುಖ್ಯಾಧಿಕಾರಿ ಅಂತ ತಿಳಕೊಳ್ರಿ."

ಉತ್ತರಕ್ಕೆ ಅರ್ಧ ಗಂಟೆಯೂ ಬೇಕಾಗಲಿಲ್ಲ. "ಲೆಕ್ಕಪರಿಶೋಧನೆಯ ಸಲಹೆಯನ್ನು ಗಮನಿಸಲಾಗಿದೆ. ತುರ್ತು ಸಂದರ್ಭದಲ್ಲಿ ಸಾರ್ವಜನಿಕ ಹಿತದೃಷ್ಟಿಯಿಂದ ಕ್ರಮ ವಹಿಸಲಾಗಿದ್ದು, ಮುಂದೆ ಇಂತಹ ಲೋಪವಾಗದಂತೆ ಎಚ್ಚರ ವಹಿಸಲಾಗುವುದು. ಆದ್ದರಿಂದ ಸದರಿ ಕಂಡಿಕೆಯನ್ನು ಕೈಬಿಡಲು ಕೋರಿದೆ." ಇದೂ ಎಲ್ಲರಿಗೂ ಬಾಯಿಪಾಠ. ಸಭೆಯಲ್ಲಿ ನಗು ಶುರುವಾಗಿದ್ದು ಇಲ್ಲಿ. ನಾವು ಬರೆಯುವ ಪ್ಯಾರಾಕ್ಕೆ ಬರುವ ಉತ್ತರ ನಮಗೆ ಮೊದಲೇ ಗೊತ್ತು. ಬರೆಯುವವರಿಗೂ ಗೊತ್ತು. ಮುಂದಿನ ವರ್ಷ ಅದೇ ಪ್ಯಾರಾ, ದಿನಾಂಕ ಮಾತ್ರ ಬೇರೆ.

ಆಗ ಮಾನ್ವಿ ಕಡೆಯ ಒಬ್ಬರು ಎದ್ದು ಹೇಳಿದ ಮಾತು ನನಗೆ ಇಡೀ ತರಬೇತಿಗಿಂತ ಹೆಚ್ಚು ತಾಗಿತು. "ಸರ್, ನಮ್ಮದು ಟೇಲೆಂಡ್ ಊರು, ಕಾಲುವಿ ಕೊನಿಗೆ ಐತಿ. ಕಾಲುವಿಗೆ ನೀರು ಬರಲಿಲ್ಲ ಅಂತ ಪ್ರತಿ ವರ್ಷ ಅರ್ಜಿ ಕೊಡ್ತೀವಿ. ನೀರು ಬಂದಿಲ್ಲ ಅನ್ನೂದು ಖರೇನ. ಆದ್ರ ಯಾರೂ ಕಾಲುವಿ ಗುಂಟ ಮ್ಯಾಲಕ್ಕ ನಡಕೊಂಡು ಹೋಗಿ ನೀರು ಎಲ್ಲಿ ನಿಂತದ ಅಂತ ನೋಡಂಗಿಲ್ಲ. ನಮ್ಮ ಪ್ಯಾರಾನೂ ಹಂಗ ಆಗ್ಯಾವ."

ತರಬೇತುದಾರರು ಅದನ್ನೇ ಹಿಡಿದುಕೊಂಡರು. ಬೋರ್ಡಿನ ಮೇಲೆ ಐದು ಪದ ಬರೆದರು: ಮಾನದಂಡ, ಸ್ಥಿತಿ, ಕಾರಣ, ಪರಿಣಾಮ, ಶಿಫಾರಸು. ಹೇಗಿರಬೇಕಿತ್ತು, ಹೇಗಿದೆ, ಯಾಕೆ ಹೀಗಾಯಿತು, ಆದ್ದರಿಂದ ಏನು ನಷ್ಟ, ಈಗ ಏನು ಮಾಡಬೇಕು. ಆಂತರಿಕ ಲೆಕ್ಕಪರಿಶೋಧನೆಯ ಯಾವ ಪುಸ್ತಕ ತೆಗೆದರೂ ಈ ಐದು ಇರುತ್ತವೆ. ಹೊಸದೇನಲ್ಲ. ಐದು ಗುಂಪುಗಳ ಹಾಳೆಯಲ್ಲಿ ಮೊದಲಿನ ಎರಡು ಇದ್ದವು. ನಮ್ಮ ಕೈಲಿ ಮಾನದಂಡಕ್ಕೆ ಕೊರತೆ ಇರುವುದಿಲ್ಲ. ಪಾರದರ್ಶಕತೆ ಅಧಿನಿಯಮ ಅಂತ ನಾವೆಲ್ಲ ಕರೆಯುವ ಕರ್ನಾಟಕದ 1999ರ ಕಾಯ್ದೆ ಇದೆ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 157ನೇ ನಿಯಮ, ಬೇಡಿಕೆಯನ್ನು ತುಂಡು ಮಾಡಿ ಖರೀದಿಸಬಾರದು ಅಂತ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಕಾರಣದ ಜಾಗ ಎಲ್ಲರದ್ದೂ ಖಾಲಿ. "ಟೆಂಡರ್ ತಪ್ಪಿಸುವ ಉದ್ದೇಶದಿಂದ" ಅಂತ ಬರೆದಿದ್ದೆವಲ್ಲ, ಅದಕ್ಕೆ ಫೈಲಿನಲ್ಲಿ ಆಧಾರ ಎಲ್ಲಿದೆ ಅಂತ ಅವರು ಕೇಳಿದರು. ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಅದರ ಮೇಲೆ ಜಾಗತಿಕ ಮಾನದಂಡಗಳ ಪಾಠ. ಈ ವೇಳಾಪಟ್ಟಿ ಹಾಕಿದವರು ಎಂದೂ ರೊಟ್ಟಿ ಊಟ ಮಾಡಿದವರಲ್ಲ ಅನ್ನಿಸುತ್ತದೆ. 1941ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಂತರಿಕ ಲೆಕ್ಕಪರಿಶೋಧಕರ ಸಂಸ್ಥೆ ಹೊಸ ಮಾನದಂಡಗಳನ್ನು ಹೊರತಂದಿದೆ. 2025ರ ಜನವರಿ 9ರಿಂದ ಅವು ಜಾರಿಯಲ್ಲಿವೆ. ಐದು ವಿಭಾಗ, 15 ತತ್ವ, 52 ಮಾನದಂಡ. ಸ್ಲೈಡಿನಿಂದ ಸ್ಲೈಡಿಗೆ ಓದಿದರು. ಆ ಹೊತ್ತಿಗೆ ಪ್ರೊಜೆಕ್ಟರ್ ಸರಿಯಾಗಿತ್ತು, ಅದೇ ತೊಂದರೆಯಾಯಿತು.

ನಾಲ್ಕು ಗಂಟೆಯ ಚಹಾ ಆದಮೇಲೆ ಮಾತು ದಾಸ್ತಾನು ಪರಿಶೀಲನೆಗೆ ತಿರುಗಿತು. ಇಲ್ಲಿ ಎಲ್ಲರಿಗೂ ಎಚ್ಚರವಾಯಿತು. ರಾಯಚೂರಿನಲ್ಲಿ ಕೂತು ದಾಸ್ತಾನು ಅಂದರೆ ಕಲ್ಲಿದ್ದಲಿನ ಮಾತು ಬರಲೇಬೇಕು. ಹತ್ತಿರದ ಶಕ್ತಿನಗರದಲ್ಲೇ 1720 ಮೆಗಾವ್ಯಾಟ್‌ನ ಉಷ್ಣ ವಿದ್ಯುತ್ ಸ್ಥಾವರ ಇದೆಯಲ್ಲ. ಕಲ್ಲಿದ್ದಲಿನ ಗುಡ್ಡೆಯನ್ನು ಯಾರೂ ತಕ್ಕಡಿಯಲ್ಲಿ ಇಡಲಾಗುವುದಿಲ್ಲ. ಸರ್ವೇ ಮಾಡಿ ಗುಡ್ಡೆಯ ಗಾತ್ರ ತೆಗೆಯಬೇಕು, ಅದನ್ನು ಸಾಂದ್ರತೆಯಿಂದ ಗುಣಿಸಬೇಕು. ಸಾಂದ್ರತೆಯ ಅಂಕಿ ಸ್ವಲ್ಪ ಆಚೀಚೆ ಆದರೂ ಸಾವಿರಾರು ಟನ್ ಹುಟ್ಟುತ್ತದೆ ಅಥವಾ ಮಾಯವಾಗುತ್ತದೆ. ಆದ್ದರಿಂದ ಗುಡ್ಡೆ ಎಷ್ಟಿದೆ ಅಂತ ಕೇಳಿ ಸುಮ್ಮನಾದರೆ ಆಗುವುದಿಲ್ಲ. ಸಾಂದ್ರತೆ ಯಾವತ್ತು ಅಳೆದಿರಿ, ಗುಡ್ಡೆಯ ಯಾವ ಭಾಗದಲ್ಲಿ ಅಳೆದಿರಿ ಅಂತಲೂ ಕೇಳಬೇಕು.

ಗೋದಾಮಿನವರು ಭತ್ತದ ಕಥೆ ತೆಗೆದರು. ಖರೀದಿ ಕೇಂದ್ರದಲ್ಲಿ ತೇವಾಂಶ ನೂರಕ್ಕೆ 17ರ ಒಳಗಿರಬೇಕು. ಗೋದಾಮಿನಲ್ಲಿ ಒಣಗಿದಷ್ಟೂ ತೂಕ ಇಳಿಯುತ್ತದೆ. ಹಾಗಾಗಿ ಸ್ವಲ್ಪ ಕಡಿಮೆ ಬಂದರೆ ಅದು ಸಹಜ. "ಆದ್ರ ಮೇಡಂ, ರಾಯಚೂರು ಬಿಸಿಲಾಗ ಆರು ತಿಂಗಳು ಇಟ್ಟ ಭತ್ತ ಒಂದು ಕಿಲೋನೂ ಕಮ್ಮಿ ಆಗದ ಹಂಗ ಇತ್ತಂದ್ರ? ಅದಕ್ಕ ಯಾರೂ ಪ್ಯಾರಾ ಹಾಕಂಗಿಲ್ಲ," ಅಂದರು ಒಬ್ಬರು. ಕೊರತೆ ಬಂದರೆ ಬರೆಯುತ್ತೇವೆ. ಲೆಕ್ಕ ಅತಿಯಾಗಿ ಹೊಂದಿದರೆ ಟಿಕ್ ಹಾಕಿ ಮುಂದೆ ಹೋಗುತ್ತೇವೆ. ನಾನು ನೋಟ್‌ಬುಕ್ಕಿನಲ್ಲಿ ಅಡಿಗೆರೆ ಎಳೆದ ಕೆಲವೇ ಸಾಲುಗಳಲ್ಲಿ ಇದೊಂದು.

ಬಳ್ಳಾರಿಯವರು ಸುಮ್ನೆ ಇರಲು ಸಾಧ್ಯವೇ? ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ಕೊಟ್ಟ ಅಕ್ರಮ ಗಣಿಗಾರಿಕೆ ವರದಿಯನ್ನು ಅವರು ನೆನಪಿಸಿದರು. ಅದಿರು ಸಾಗಿಸಲು ಎಷ್ಟಕ್ಕೆ ಪರ್ಮಿಟ್ ಕೊಟ್ಟಿದ್ದರು, ಬಂದರುಗಳಿಂದ ಎಷ್ಟು ಹೊರಗೆ ಹೋಯಿತು, ಈ ಎರಡು ಲೆಕ್ಕ ಬೇರೆ ಬೇರೆಯವರ ಕೈಯಲ್ಲಿತ್ತು. ಪಕ್ಕಪಕ್ಕ ಇಟ್ಟಾಗಲೇ ನಡುವಿನ ಕಂದಕ ಕಂಡಿದ್ದು. ಒಂದೇ ಕಚೇರಿಯ ಎರಡು ರಿಜಿಸ್ಟರ್ ಹೊಂದಿಸಿ ನೋಡುವುದರಿಂದ ಇಂಥದ್ದು ಸಿಗುವುದಿಲ್ಲ. ಎರಡನ್ನೂ ಬರೆಯುವ ಕೈ ಒಂದೇ ಆಗಿದ್ದರೆ ಹೊಂದಿಕೆಯಾಗದೆ ಏನು ಮಾಡೀತು?

ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲು ನಾವು ಕೆಲವರು ಕೋಟೆಯ ಕಡೆ ನಡೆದೆವು. ಅಲ್ಲಿ ಗೋಡೆಯಲ್ಲಿ ಕೂರಿಸಿದ ಒಂದು ಭಾರಿ ಕಲ್ಲಿದೆ, 40 ಅಡಿಗೂ ಉದ್ದ. ಅದರ ಮೇಲೆ 1294ರ ಶಾಸನ. ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ಎಳೆದು ತಂದ ಚಿತ್ರವನ್ನೂ ಕೆತ್ತಿದ್ದಾರೆ. ಪುರಸಭೆಯವರೊಬ್ಬರು ಸ್ವಲ್ಪ ಹೊತ್ತು ನೋಡಿ, "ಏನ್ರಿ ಇದು, ಸಾಗಾಣಿಕೆ ಬಿಲ್ಲಿಗೆ ಜಿಯೋಟ್ಯಾಗ್ ಫೋಟೋ ಅವಾಗ್ಲೇ ಲಗತ್ತಿಸ್ಯಾರಲ್ರಿ!" ಅಂದರು. ಇನ್ನೊಬ್ಬರು ಎಂಬಿ ಪುಸ್ತಕ (ಕೆಲಸದ ಅಳತೆ ಬರೆದಿಡುವ ವಹಿ) ಎಲ್ಲಿ ಅಂತ ಕೇಳಿದರು. ರಜೆಯ ದಿನವೂ ನಮ್ಮ ಜನಕ್ಕೆ ಬೇರೆ ಮಾತು ಬರುವುದಿಲ್ಲ.

ಆ ದಿನದ ಮೊದಲ ಅವಧಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯುಕ್ತ. ನಾಟಕದ ಹಾಗೆ ಒಂದು ಸಂದರ್ಶನ. ಕೋಟೆಯಲ್ಲಿ ಜೋಕ್ ಮಾಡಿದವರನ್ನೇ ಆ ಪಟ್ಟಣದ ನೀರು ವಿಭಾಗದ ಕಿರಿಯ ಎಂಜಿನಿಯರ್ ಮಾಡಿದರು. ಎದುರಿಗೆ ಒಬ್ಬೊಬ್ಬರೇ ಆಡಿಟರ್ ಆಗಿ ಕೂತು ಪ್ರಶ್ನೆ ಕೇಳಬೇಕು. ಆ ಮನುಷ್ಯ ಎಷ್ಟು ಚೆನ್ನಾಗಿ ಪಾತ್ರಕ್ಕೆ ಇಳಿದರು ಅಂದರೆ ನಮಗೆ ನಮ್ಮ ಕಚೇರಿಯೇ ಕಣ್ಣಮುಂದೆ ಬಂತು.

"ಮೋಟಾರ್ ರಿಪೇರಿಗೆ ಯಾಕೆ ಟೆಂಡರ್ ಕರೆಯಲಿಲ್ಲ?"

"ನಾನು ಬರೂಕಿಂತ ಮೊದಲಿಂದು ಸರ್ ಅದು."

"ಫೈಲ್ ಕೊಡಿ."

"ಡಿಸಿ ಆಫೀಸಿಗೆ ಹೋಗೇದ್ರಿ."

"ಕೇಸ್ ವರ್ಕರ್?"

"ಅವರ ಅಳಿಯಂದು ಆಪರೇಷನ್ ಐತ್ರಿ, ರಜಾದಾಗ ಅದಾರ. ನೀವು ಚಾ ತಗೋರಿ ಸರ್."

ಮೂರು ಜನ ಆಡಿಟರ್‌ಗಳು ಹೀಗೇ ಚಹಾ ಕುಡಿದು ಎದ್ದರು. ನಾಲ್ಕನೆಯದಾಗಿ ವಿಶ್ವವಿದ್ಯಾಲಯದಿಂದ ಬಂದಿದ್ದ ಒಬ್ಬ ಹಿರಿಯ ಮೇಡಂ ಕೂತರು. ಅವರು ಯಾಕೆ ಅಂತ ಕೇಳಲೇ ಇಲ್ಲ. "ಅಣ್ಣಾರ, ಮೋಟಾರ್ ಸುಟ್ಟಿತು ಅಂತ ನಿಮಗ ಫೋನ್ ಬರ್ತದಲ್ಲ, ಅಲ್ಲಿಂದ ಏನೇನು ಮಾಡ್ತೀರಿ ಹೇಳ್ರಿ," ಅಂದರು ಅಷ್ಟೇ. ಎಂಜಿನಿಯರ್ ಪಾತ್ರಧಾರಿ ಒಂದು ಕ್ಷಣ ತಡೆದರು. ಆಮೇಲೆ ಮಾತು ಹರಿಯಿತು. ತರಬೇತುದಾರರು ಅವರ ಕೈಗೆ ಮೊದಲೇ ಒಂದು ಚೀಟಿ ಕೊಟ್ಟಿದ್ದರಂತೆ, ಸರಿಯಾದ ಪ್ರಶ್ನೆ ಬಂದರೆ ಮಾತ್ರ ಇದನ್ನು ಹೇಳಬೇಕು ಅಂತ.

ಚೀಟಿಯಲ್ಲಿದ್ದದ್ದು ಇದು. ಮೋಟಾರ್ ಸುಟ್ಟರೆ ಮರುದಿನವೇ ಊರಿಗೆ ನೀರಿಲ್ಲ. ಕೊಡ ಹಿಡಿದುಕೊಂಡು ಜನ ಕಚೇರಿಗೆ ಬರುತ್ತಾರೆ. ಟೆಂಡರ್ ಕರೆದರೆ ವಾರಗಟ್ಟಲೆ ಬೇಕು. ವರ್ಷಕ್ಕೊಮ್ಮೆ ದರ ಒಪ್ಪಂದ ಮಾಡಿಕೊಂಡರೆ ಸುಟ್ಟ ದಿನವೇ ಕಳಿಸಬಹುದು. ಆದರೆ ಅದನ್ನು ಮಾಡಬೇಕಾದ ಹುದ್ದೆ ಖಾಲಿ. ಎಂಜಿನಿಯರ್‌ಗೆ ಒಂದು ಲಕ್ಷದವರೆಗೆ ಸ್ವಂತ ಅಧಿಕಾರ ಇದೆ, ಆದ್ದರಿಂದ ಬಿಲ್ಲು ಅದರೊಳಗೇ ಬರುವಂತೆ ಮಾಡುತ್ತಾರೆ. ಯಾವ ಮೋಟಾರು ಯಾವಾಗ ರಿಪೇರಿಯಾಯಿತು ಅಂತ ಬರೆದಿಡುವ ಹಿಸ್ಟರಿ ರಿಜಿಸ್ಟರ್ ಇಲ್ಲ. ನಾವು 14 ಬಿಲ್ಲುಗಳನ್ನು ಮತ್ತೆ ತೆಗೆದು ನೋಡಿದೆವು. ಮೋಟಾರಿನ ನಂಬರ್ ಬರೆದಿದ್ದು ಐದೇ ಬಿಲ್ಲಿನಲ್ಲಿ. ಆ ಐದೂ ಒಂದೇ ಮೋಟಾರು. ವರ್ಷದಲ್ಲಿ ಐದು ಸಲ ಸುಟ್ಟ ಮೋಟಾರಿಗೆ ಸುಮಾರು ಐದು ಲಕ್ಷ ಸುರಿದಿದ್ದಾರೆ. ಯಾಕೆ ಸುಡುತ್ತಿದೆ? ಪ್ಯಾನೆಲ್ ಬೋರ್ಡಿನಲ್ಲಿ ವೋಲ್ಟೇಜ್ ಕುಸಿದಾಗ, ಒಂದು ಫೇಸ್ ಹೋದಾಗ ಮೋಟಾರ್ ಬಂದ್ ಮಾಡುವ ವ್ಯವಸ್ಥೆಯೇ ಕೆಟ್ಟಿದೆ. ಅದನ್ನು ಸರಿಮಾಡಲು ಬೇಕಾಗಿದ್ದು ಒಂದು ರಿಪೇರಿ ಬಿಲ್ಲಿಗಿಂತ ಕಡಿಮೆ ಹಣ.

ನೋಡಿ, ಶನಿವಾರ ಕಳ್ಳ ಸಿಕ್ಕ ಅಂತ ಬರೆದಿದ್ದ ನಮಗೆ ಭಾನುವಾರ ಆ ಎಂಜಿನಿಯರ್ ಮೇಲೆ ಕನಿಕರ ಹುಟ್ಟಿತು. ಕೆಲವರು ಪ್ಯಾರಾ ಕೈಬಿಡೋಣ ಅನ್ನುವ ಮಟ್ಟಕ್ಕೆ ಹೋದರು. ಆಗ ತರಬೇತುದಾರರು ಕೋಟೇಷನ್‌ಗಳನ್ನು ಮತ್ತೊಮ್ಮೆ ನೋಡಲು ಹೇಳಿದರು. ಮೂರೂ ಅಂಗಡಿಯ ಲೆಟರ್‌ಹೆಡ್ ಬೇರೆ, ಸಹಿ ಬೇರೆ. ಆದರೆ ಮೂರರಲ್ಲೂ 'ರಿವೈಂಡಿಂಗ್' ಅನ್ನೋದನ್ನು ಒಂದೇ ರೀತಿ ತಪ್ಪಾಗಿ ಬರೆದಿದ್ದರು. ಎರಡು ಅಂಗಡಿಯ ಫೋನ್ ನಂಬರ್ ಒಂದೇ. ಹಿಂದಿನ ದಿನ ಇಷ್ಟು ಹೊತ್ತು ಅದೇ ಹಾಳೆಗಳು ನಮ್ಮೆಲ್ಲರ ಟೇಬಲ್ ಮೇಲೇ ಇದ್ದವು.

"ಕಾರಣ ಹುಡಕೂದು ಅಂದ್ರ ಮಾಫಿ ಮಾಡೂದಲ್ಲರಿ," ಅಂದರು ಅವರು. ತುರ್ತು ನಿಜ. ಕೋಟೇಷನ್ ಸುಳ್ಳು ಅನ್ನಿಸುವುದೂ ನಿಜ. ಎರಡನ್ನೂ ಒಂದೇ ಪ್ಯಾರಾದಲ್ಲಿ, ಒಂದರಿಂದ ಇನ್ನೊಂದನ್ನು ಮುಚ್ಚದೆ ಬರೆಯಬೇಕು. ಅದು ಎಷ್ಟು ಕಷ್ಟ ಅಂತ ಮಧ್ಯಾಹ್ನದವರೆಗೆ ಗೊತ್ತಾಯಿತು. ನಮ್ಮ ಟೇಬಲ್ಲಿನಲ್ಲಿ ಒಬ್ಬರು 'ಉದ್ದೇಶಪೂರ್ವಕ' ಅನ್ನುವ ಪದ ಬೇಕೇ ಬೇಕು ಅಂದರು. ಇನ್ನೊಬ್ಬರು ಅದಕ್ಕೆ ಆಧಾರವಿಲ್ಲ ಅಂದರು. ಕೊನೆಗೆ ಆ ಪದ ತೆಗೆದು, ಫೋನ್ ನಂಬರ್ ಒಂದೇ ಇದೆ, ಕಾಗುಣಿತದ ತಪ್ಪು ಒಂದೇ ಇದೆ ಅಂತ ಕಂಡದ್ದನ್ನಷ್ಟೇ ಬರೆದು, ಆ ಅಂಗಡಿಗಳು ನಿಜವಾಗಿ ಇವೆಯೇ ಅಂತ ಪ್ರತ್ಯೇಕ ವಿಚಾರಣೆಗೆ ಸೂಚಿಸಿದೆವು. ಶಿಫಾರಸಿನಲ್ಲಿ ವಾರ್ಷಿಕ ದರ ಒಪ್ಪಂದ, ಹಿಸ್ಟರಿ ರಿಜಿಸ್ಟರ್, ಪ್ಯಾನೆಲ್ ರಿಪೇರಿ. ಪ್ರತಿಯೊಂದರ ಮುಂದೆ ಯಾರು ಮಾಡಬೇಕು, ಯಾವ ತಾರೀಖಿನೊಳಗೆ. 'ಸಂಬಂಧಪಟ್ಟವರು' ಅನ್ನುವ ಪದಕ್ಕೆ ಅವರು ಬಹಿಷ್ಕಾರ ಹಾಕಿದ್ದರು. ಸಂಬಂಧಪಟ್ಟವರು ಅಂತ ಬರೆದರೆ ಯಾರಿಗೂ ಸಂಬಂಧ ಇರುವುದಿಲ್ಲ ಅನ್ನೋದು ಅವರ ವಾದ.

ಒಂದು ವಿಷಯದಲ್ಲಿ ಮಾತ್ರ ಈ ಸಮ್ಮೇಳನ ನಮ್ಮನ್ನು ನಡುನೀರಿನಲ್ಲಿ ಬಿಟ್ಟಿತು. ಕೊನೆಯ ಅವಧಿ 'ಸ್ವಾತಂತ್ರ್ಯ ಮತ್ತು ವಸ್ತುನಿಷ್ಠತೆ'. ಆಂತರಿಕ ಲೆಕ್ಕಪರಿಶೋಧನೆಯ ಮುಖ್ಯಸ್ಥರು ಆಡಳಿತ ಮಂಡಳಿಗೆ, ಇಲ್ಲವೇ ಅದರ ಆಡಿಟ್ ಸಮಿತಿಗೆ ನೇರವಾಗಿ ವರದಿ ಮಾಡಬೇಕು ಅಂತ ಹೇಳಿದರು. ಕಂಪನಿಯಾಗಿರುವ ನಿಗಮಗಳಿಗಾದರೂ 2013ರ ಕಂಪನಿ ಕಾಯ್ದೆ ಇದೆ. 138ನೇ ಕಲಂ ಆಂತರಿಕ ಲೆಕ್ಕಪರಿಶೋಧನೆಗೆ, 177ನೇ ಕಲಂ ಆಡಿಟ್ ಸಮಿತಿಗೆ. ಆದರೆ ಪುರಸಭೆಯವರೊಬ್ಬರು ಎದ್ದು ನೇರವಾಗಿ ಕೇಳಿದರು: "ಸರ್, ನಾನು ಯಾರ ಲೆಕ್ಕ ನೋಡಬೇಕೋ ಅವರೇ ನನ್ನ ಸಿಆರ್ ಬರೀತಾರ. ರಜಾ ಕೊಡೋರೂ ಅವರೇ. ನಾ ಏನು ಬರೀಲಿ?" ಸಿಆರ್ ಅಂದರೆ ನೌಕರರ ಕೆಲಸದ ಬಗ್ಗೆ ಮೇಲಿನವರು ಬರೆಯುವ ಗೋಪ್ಯ ವರದಿ.

ಉತ್ತರವಾಗಿ ಬಂದದ್ದು ಮೂರು ಸಾಲುಗಳ ಮಾದರಿಯ ಚಿತ್ರ. ಕೆಲಸ ಮಾಡುವವರದು ಮೊದಲ ಸಾಲು, ಮೇಲ್ವಿಚಾರಣೆ ಮಾಡುವವರದು ಎರಡನೆಯದು, ಆಂತರಿಕ ಆಡಿಟ್ ಮೂರನೆಯದು. 2020ರಲ್ಲಿ ಇದನ್ನು ಪರಿಷ್ಕರಿಸಿದ್ದಾರೆ ಅಂತಲೂ ಹೇಳಿದರು. ಕೇಳಿದವರು ಮತ್ತೆ ಏನೂ ಕೇಳದೆ ಕೂತರು. ದೇಶದ ಮಹಾಲೆಕ್ಕಪರಿಶೋಧಕರಾದ ಸಿಎಜಿಗೆ ಸಂವಿಧಾನದ 148ನೇ ವಿಧಿಯ ಬಲ ಇದೆ, ಅವರನ್ನು ತೆಗೆಯಬೇಕಾದರೆ ಸುಪ್ರೀಂ ಕೋರ್ಟ್ ನ್ಯಾಯಾಧೀಶರನ್ನು ತೆಗೆಯುವಷ್ಟೇ ಕಷ್ಟ. ನಮ್ಮನ್ನು ತೆಗೆಯಲು ಒಂದು ವರ್ಗಾವಣೆ ಆದೇಶ ಸಾಕು. ಇದಕ್ಕೆ ತರಬೇತಿಯಲ್ಲಿ ಉತ್ತರ ಸಿಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ, ಆದರೆ ಇದು ಕಷ್ಟದ ಪ್ರಶ್ನೆ ಅಂತಲಾದರೂ ಒಪ್ಪಿಕೊಳ್ಳಬಹುದಿತ್ತು. ಎರಡು ದಿನ ಅಷ್ಟು ಚೆನ್ನಾಗಿ ಪಾಠ ಮಾಡಿದವರು ಇಲ್ಲಿ ಚಿತ್ರ ತೋರಿಸಿ ದಾಟಿಕೊಂಡದ್ದು ನನಗೆ ಬೇಸರವಾಯಿತು.

ಹೊರಗೆ ಬಂದಾಗ ಆ ವಿಶ್ವವಿದ್ಯಾಲಯದ ಮೇಡಂ ಪ್ರಶ್ನೆ ಕೇಳಿದ್ದ ಪುರಸಭೆಯವರಿಗೆ ಹೇಳುತ್ತಿದ್ದರು: "ತಮ್ಮಾ, ಕಾರಣ ಸರಿಯಾಗಿ ಬರದ್ರ ಅರ್ಧ ಜಗಳ ಕಮ್ಮಿ ಆಗ್ತದ ನೋಡು. 'ನೀ ತಪ್ಪು ಮಾಡೀದಿ' ಅಂದ್ರ ಸಿಟ್ಟಿಗೇಳ್ತಾರ. 'ನಿನ್ನ ಹತ್ರ ರಿಜಿಸ್ಟರ್ ಇಲ್ಲ, ಹುದ್ದೆ ಖಾಲಿ ಐತಿ' ಅಂದ್ರ ಅವರೂ ಅದನ್ನ ಮ್ಯಾಲಕ್ಕ ಕಳಸ್ತಾರ." ಅರ್ಧ ಜಗಳ ಅಂತ ಅವರೇ ಅಂದಿದ್ದು. ಉಳಿದರ್ಧ ಹಾಗೇ ಇರುತ್ತದೆ.

ಪ್ರಮಾಣಪತ್ರ ಹಂಚುವ ಹೊತ್ತಿಗೆ ಕರೆಂಟು ಹೋಯಿತು. ಯಾರೋ ಶಕ್ತಿನಗರದ ಹೆಸರು ತೆಗೆದರು, ಎಲ್ಲರೂ ನಕ್ಕರು. ಸಂಜೆಯ ಬಸ್ಸಿಗೆ ಓಡಿದೆವು.

ಇದಾದ ಮೇಲೆ ನಮ್ಮ ನಿಗಮದ ಒಂದು ಉಪವಿಭಾಗದ ಆಡಿಟ್ ಬಂತು. ಅಲ್ಲಿ ಸಾಮಗ್ರಿ ಖರೀದಿಯ ಬಿಲ್ಲುಗಳು ಮಾರ್ಚ್‌ನಲ್ಲಿ ಗುಡ್ಡೆಯಾಗಿ ಬಿದ್ದಿದ್ದವು. ಹಳೆಯ ವರದಿ ತೆಗೆದು ನೋಡಿದೆ. ಹಿಂದಿನ ವರ್ಷವೂ ಇದೇ ಪ್ಯಾರಾ, ಅದರ ಹಿಂದಿನ ವರ್ಷವೂ ಇದೇ. ಉತ್ತರವೂ ಅದೇ, 'ಗಮನಿಸಲಾಗಿದೆ'. ಈ ಸಲ ಸ್ಟೋರ್ ನೋಡಿಕೊಳ್ಳುವವರ ಎದುರು ಕೂತು, ಬೇಡಿಕೆ ಹುಟ್ಟಿದ ದಿನದಿಂದ ಸಾಮಾನು ಕೈಗೆ ಬರುವವರೆಗೆ ಏನೇನಾಗುತ್ತದೆ ಹೇಳಿ ಅಂದೆ. ಅವರು ಬೇಡಿಕೆ ಬರೆದು ಕಳಿಸುವ ಇಂಡೆಂಟ್ ಪುಸ್ತಕವನ್ನೇ ತಂದಿಟ್ಟರು. ಜೂನ್‌ನಲ್ಲಿ ಕಳಿಸಿದ ಇಂಡೆಂಟ್‌ಗಳು ಮೇಲಿನ ಒಂದು ಮೇಜಿನ ಮೇಲೆ ಡಿಸೆಂಬರ್‌ವರೆಗೆ ಕೂತಿದ್ದವು. ಆ ಮೇಜು ಉಪವಿಭಾಗದ್ದಲ್ಲ.

ಪ್ಯಾರಾ ಒಂದು ಪುಟ ದಾಟಿತು. ಉದ್ದವಾಯಿತು ಅಂತ ನಮ್ಮ ಸಾಹೇಬರು ಗೊಣಗಿದರು, ಆ ಮೇಜಿನ ಹೆಸರು ಬೇಕೇ ಅಂತ ಇನ್ನೊಮ್ಮೆ ಕೇಳಿದರು. ಹುದ್ದೆಯ ಹೆಸರು ಮಾತ್ರ ಇದೆ, ವ್ಯಕ್ತಿಯ ಹೆಸರಿಲ್ಲ ಅಂದೆ. ಕಳಿಸಿದರು. ಬಂದ ಉತ್ತರದಲ್ಲಿ 'ಗಮನಿಸಲಾಗಿದೆ' ಇರಲಿಲ್ಲ. ಎರಡು ಪುಟದ ಜಗಳ ಇತ್ತು. ಇಂಡೆಂಟ್‌ಗಳಲ್ಲಿ ಅಂದಾಜು ದರ ಇರಲಿಲ್ಲ, ವಾಪಸ್ ಕಳಿಸಿದ್ದೆವು, ತಡವಾಗಿದ್ದು ನಮ್ಮಿಂದಲ್ಲ ಅಂತ ತಾರೀಖು ಸಮೇತ ವಾದ ಮಾಡಿದ್ದರು. ಸಾಹೇಬರಿಗೆ ತಲೆನೋವು, ನನಗೆ ಒಳಗೊಳಗೇ ಖುಷಿ. ಯಾರಾದರೂ ನಮ್ಮ ಪ್ಯಾರಾವನ್ನು ಕೊನೆಯವರೆಗೆ ಓದಿದ್ದು ಇದೇ ಮೊದಲಿರಬೇಕು. ಮುಂದಿನ ತಿಂಗಳು ಎರಡೂ ಕಡೆಯವರನ್ನು ಒಟ್ಟಿಗೆ ಕೂರಿಸುವುದು ಅಂತ ಆಗಿದೆ. ಅವರು ಹೇಳಿದ ತಾರೀಖುಗಳನ್ನು ಟಪಾಲು ವಹಿಯ ಜೊತೆ ತಾಳೆ ನೋಡುತ್ತಿದ್ದೇನೆ. ಎರಡು ಇಂಡೆಂಟ್‌ಗಳ ವಿಷಯದಲ್ಲಿ ಅವರ ಮಾತು ಸರಿ, ಒಂದರಲ್ಲಿ ಇಲ್ಲ, ಉಳಿದವನ್ನು ಇನ್ನೂ ನೋಡಬೇಕು.